ನರ್ಸಿಂಗ್ ಓದಿಗೆ ಸೇರಿದ್ದೀರಾ? ಮೊದಲ ತಿಂಗಳುಗಳನ್ನು ದಾಟುವ ಬಗೆ

ವಾರ್ಡಿಗೆ ಹೋದ ಮೊದಲ ವಾರದಲ್ಲೇ ನಾನು ಒಂದು ಸುಳ್ಳು ಬರೆದೆ. ಆಪರೇಷನ್ ಆಗಿ ಎರಡು ದಿನವಾಗಿದ್ದ ಒಬ್ಬ ಅಜ್ಜನ ಬಿಪಿ ನೋಡಬೇಕಿತ್ತು. ತೋಳಿಗೆ ಕಫ್ (ಗಾಳಿ ತುಂಬುವ ಪಟ್ಟಿ) ಕಟ್ಟಿದೆ, ಗಾಳಿ ತುಂಬಿದೆ, ಸ್ಟೆತೊಸ್ಕೋಪ್ ಇಟ್ಟೆ. ಏನೂ ಕೇಳಿಸಲಿಲ್ಲ. ಇನ್ನೊಮ್ಮೆ ಮಾಡಿದೆ. ಆಗಲೂ ಕೇಳಿಸಿದ್ದು ನನ್ನದೇ ಎದೆಬಡಿತ. ಪಕ್ಕದಲ್ಲಿ ಕೂತಿದ್ದ ಅಜ್ಜನ ಮಗಳು ನನ್ನನ್ನೇ ನೋಡುತ್ತಿದ್ದರು. ಚಾರ್ಟ್‌ನಲ್ಲಿ ಬೆಳಿಗ್ಗೆಯ ಬಿಪಿ 120/80 ಅಂತ ಇತ್ತು. ನಾನು 118/78 ಅಂತ ಬರೆದು ಮುಂದಿನ ಬೆಡ್‌ಗೆ ಹೋಗಿಬಿಟ್ಟೆ.

ಅರ್ಧ ಗಂಟೆ ಕಳೆದ ಮೇಲೆ ಇನ್‌ಚಾರ್ಜ್ ಸಿಸ್ಟರ್ ಅದೇ ಅಜ್ಜನ ಬಿಪಿ ನೋಡಿದರು. 90/60ಕ್ಕೆ ಇಳಿದಿತ್ತು. ಡಾಕ್ಟರ್ ಓಡಿ ಬಂದರು, ಚಿಕಿತ್ಸೆ ಶುರುವಾಯಿತು, ಅಜ್ಜ ಸಂಜೆಯ ಹೊತ್ತಿಗೆ ಸುಧಾರಿಸಿಕೊಂಡರು. ಎಲ್ಲ ಮುಗಿದ ಮೇಲೆ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದು ಒಂದೇ ಮಾತು ಕೇಳಿದರು. "ಕೇಳಿಸಲಿಲ್ಲ ಅಂತ ನನ್ನ ಹತ್ತಿರ ಯಾಕಮ್ಮ ಹೇಳಲಿಲ್ಲ?"

ಆ ಪ್ರಶ್ನೆಗೆ ಆವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ. ದಡ್ಡಿ ಅಂದುಕೊಳ್ಳುತ್ತಾರೆ ಅನ್ನುವ ಭಯ, ಅಷ್ಟೇ. ಹೊಸದಾಗಿ ಸೇರಿದ ಎಷ್ಟೋ ಹುಡುಗ ಹುಡುಗಿಯರ ಕಣ್ಣಲ್ಲಿ ಈಗಲೂ ಅದೇ ಭಯ ಕಾಣುತ್ತೇನೆ. ಅವರಿಗೆ ಹೇಳುವುದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲ ಹೆಜ್ಜೆ: "ಗೊತ್ತಿಲ್ಲ" ಅನ್ನುವ ಮಾತನ್ನು ಬಾಯಿಗೆ ರೂಢಿ ಮಾಡಿ

ಇಲ್ಲಿಯವರೆಗೆ ಓದಿದ ಶಾಲೆಯಲ್ಲಿ ಗೊತ್ತಿಲ್ಲದ್ದನ್ನು ಮುಚ್ಚಿಟ್ಟರೆ ಹೋಗುತ್ತಿದ್ದದ್ದು ನಾಲ್ಕು ಮಾರ್ಕ್ಸು. ಇಲ್ಲಿ ಮುಚ್ಚಿಟ್ಟರೆ ಬೆಡ್ ಮೇಲೆ ಮಲಗಿರುವವರಿಗೆ ತೊಂದರೆ. ಹಾಗಾಗಿ ಪುಸ್ತಕ ತೆರೆಯುವ ಮೊದಲೇ ಈ ಅಭ್ಯಾಸ ಶುರು ಮಾಡಿ.

ಸುಮ್ನೆ "ಗೊತ್ತಿಲ್ಲ" ಅಂದರೆ ಸಾಲದು. ಎಲ್ಲಿಯವರೆಗೆ ಗೊತ್ತು, ಎಲ್ಲಿಂದ ಗೊತ್ತಿಲ್ಲ ಅಂತ ಹೇಳಬೇಕು. "ಸಿಸ್ಟರ್, ಕಫ್ ಕಟ್ಟುವುದು ಬರುತ್ತದೆ. ಆದರೆ ಮೊದಲ ಸದ್ದು ಯಾವುದು ಅಂತ ಗೊತ್ತಾಗುತ್ತಿಲ್ಲ. ಒಂದು ಸಲ ಜೊತೆಗೆ ಕೇಳುತ್ತೀರಾ?" ಹೀಗೆ ಕೇಳಿದರೆ ಎಷ್ಟೇ ಕೆಲಸದ ಗಡಿಬಿಡಿಯಲ್ಲಿದ್ದರೂ ತೋರಿಸಿಕೊಡುವವರು ಸಿಗುತ್ತಾರೆ. ಯಾಕೆಂದರೆ ನೀವು ಅವರ ಕೆಲಸ ಸುಲಭ ಮಾಡಿದ್ದೀರಿ. ಎಲ್ಲಿಂದ ಶುರು ಮಾಡಬೇಕು ಅಂತ ಅವರಿಗೆ ಗೊತ್ತಾಯಿತು ಅಲ್ವಾ?

ಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್ ಇರಲಿ. ದಿನದಲ್ಲಿ ಅರ್ಥವಾಗದ ಪದ, ಹೆಸರು ಗೊತ್ತಿಲ್ಲದ ಔಷಧಿ, ಯಾಕೆ ಮಾಡಿದರು ಅಂತ ತಿಳಿಯದ ಕೆಲಸ, ಎಲ್ಲವನ್ನೂ ಅದರಲ್ಲಿ ಬರೆದುಕೊಳ್ಳಿ. ರಾತ್ರಿ ಅದರಲ್ಲಿ ಮೂರಕ್ಕೆ ಉತ್ತರ ಹುಡುಕಿದರೆ ಸಾಕು. ಒಂದು ಎಚ್ಚರಿಕೆ ಮಾತ್ರ: ಆ ನೋಟ್‌ಬುಕ್ಕಿನಲ್ಲಿ ರೋಗಿಯ ಹೆಸರು ಯಾವತ್ತೂ ಬರಬಾರದು.

ಎರಡನೇ ಹೆಜ್ಜೆ: ಓದುವ ರೀತಿಯನ್ನೇ ಬದಲಿಸಿ

ಮೊದಲ ಎರಡು ವಾರದಲ್ಲೇ ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ, ನ್ಯೂಟ್ರಿಷನ್, ನರ್ಸಿಂಗ್ ಫೌಂಡೇಶನ್ ಎಲ್ಲ ಒಟ್ಟಿಗೆ ಮೇಲೆ ಬೀಳುತ್ತವೆ. ಹಿಂದೆ ಚೆನ್ನಾಗಿ ಓದುತ್ತಿದ್ದವರೂ ಇಲ್ಲಿ ಕಂಗಾಲಾಗುತ್ತಾರೆ. ಬುದ್ಧಿ ಕಡಿಮೆಯಾಗಿದ್ದಕ್ಕಲ್ಲ. ಪರೀಕ್ಷೆಗೆ ಹತ್ತು ದಿನ ಇರುವಾಗ ಓದಿ ಮುಗಿಸುವ ಹಳೆಯ ರೀತಿ ಇಷ್ಟು ದೊಡ್ಡ ಪಾಠಕ್ಕೆ ಸಾಲುವುದಿಲ್ಲ.

ಓದಿದ್ದು ಎಷ್ಟು ಬೇಗ ಮರೆಯುತ್ತದೆ ಅನ್ನುವುದನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ. ಮರೆವು ಮೊದಲ ದಿನವೇ ಜಾಸ್ತಿ. ಆಮೇಲೆ ನಿಧಾನವಾಗುತ್ತದೆ. ಹಾಗಾಗಿ ಪಾಠ ಆದ ದಿನವೇ ಒಂದು ಸಲ, ಮರುದಿನ ಒಂದು ಸಲ, ನಾಲ್ಕನೇ ದಿನ ಒಂದು ಸಲ, ವಾರ ಕಳೆದು ಇನ್ನೊಂದು ಸಲ ನೋಡಿ. ಪ್ರತಿ ಸಲ ಹತ್ತು ನಿಮಿಷ ಸಾಕು.

ನೋಡುವುದು ಅಂದರೆ ಮತ್ತೆ ಓದುವುದಲ್ಲ. ಇದೇ ಮುಖ್ಯ. ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಬೇಕು. 2006ರಲ್ಲಿ ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ವಿದ್ಯಾರ್ಥಿಗಳ ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪು ಪಾಠವನ್ನು ಮತ್ತೆ ಓದಿತು. ಇನ್ನೊಂದು ಗುಂಪು ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ಬರೆದವರು ಮುಂದಿದ್ದರು. ಓದಿದ ತಕ್ಷಣ "ಎಲ್ಲ ಬಂತು" ಅನ್ನಿಸುತ್ತದಲ್ಲ, ಆ ನಂಬಿಕೆಯೇ ನಮ್ಮನ್ನು ಕೆಡಿಸುವುದು.

ಹೃದಯದ ಪಾಠವನ್ನೇ ತೆಗೆದುಕೊಳ್ಳಿ. ಖಾಲಿ ಹಾಳೆ ಇಟ್ಟುಕೊಂಡು ನಾಲ್ಕು ಚೌಕ ಹಾಕಿ. ಒಂದು ಹನಿ ರಕ್ತ ಮೇಲಿನ ಕೋಣೆಯಾದ ಬಲ ಏಟ್ರಿಯಮ್‌ಗೆ ಬಂತು ಅಂದುಕೊಳ್ಳಿ. ಅಲ್ಲಿಂದ ಟ್ರೈಕಸ್ಪಿಡ್ ಕವಾಟ ದಾಟಿ ಕೆಳಗಿನ ಕೋಣೆ ಬಲ ವೆಂಟ್ರಿಕಲ್, ಪಲ್ಮನರಿ ಕವಾಟ ದಾಟಿ ಶ್ವಾಸಕೋಶ, ತಿರುಗಿ ಎಡ ಏಟ್ರಿಯಮ್, ಮೈಟ್ರಲ್ ಕವಾಟ, ಎಡ ವೆಂಟ್ರಿಕಲ್, ಏಯೋರ್ಟಿಕ್ ಕವಾಟ, ಅಲ್ಲಿಂದ ಇಡೀ ಮೈಗೆ. ಬೆರಳನ್ನು ಆ ಹನಿಯ ಹಾಗೆ ಓಡಿಸುತ್ತಾ ಬಾಯಿಬಿಟ್ಟು ಹೇಳಿ. ಎಲ್ಲಿ ಬೆರಳು ನಿಂತಿತೋ ಅಷ್ಟನ್ನು ಮಾತ್ರ ಪುಸ್ತಕ ತೆರೆದು ನೋಡಿ. ಆಮೇಲೆ ಒಂದು ಪ್ರಶ್ನೆ ಹಾಕಿಕೊಳ್ಳಿ: ಎಡಗಡೆ ಪಂಪ್ ಮಾಡುವ ಶಕ್ತಿ ಕಡಿಮೆಯಾದರೆ ರಕ್ತ ಎಲ್ಲಿ ಹಿಂದೆ ಕಟ್ಟಿಕೊಳ್ಳುತ್ತದೆ? ಶ್ವಾಸಕೋಶದಲ್ಲಿ. ಅದಕ್ಕೇ ಆ ರೋಗಿಗೆ ಮಲಗಿದರೆ ಉಸಿರು ಕಟ್ಟುತ್ತದೆ, ಅದಕ್ಕೇ ಅವರನ್ನು ದಿಂಬಿಗೆ ಒರಗಿಸಿ ಕೂರಿಸುತ್ತಾರೆ. ಮೊದಲ ವರ್ಷದ ಚಿತ್ರ ಮೂರನೇ ವರ್ಷದ ವಾರ್ಡಿನಲ್ಲಿ ಕೆಲಸಕ್ಕೆ ಬರುವುದು ಹೀಗೆ.

ಮನೆಯಲ್ಲಿ ಆಡುವ ಭಾಷೆ ಒಂದು, ಪಾಠದ ಭಾಷೆ ಇನ್ನೊಂದು ಆಗಿದ್ದರೆ ಕಷ್ಟ ಎರಡು ಪಟ್ಟು. ಅದಕ್ಕೆ ನಾಚಿಕೆ ಬೇಡ. ವೈದ್ಯಕೀಯ ಪದಗಳು ಎಲ್ಲರಿಗೂ ಹೊಸವೇ. ಅವುಗಳಲ್ಲಿ ಹೆಚ್ಚಿನವು ಗ್ರೀಕ್ ಮತ್ತು ಲ್ಯಾಟಿನ್ ತುಂಡುಗಳಿಂದ ಕಟ್ಟಿದ್ದು. ತುಂಡುಗಳನ್ನು ಕಲಿತರೆ ಪದ ತಾನಾಗಿ ಬಿಚ್ಚಿಕೊಳ್ಳುತ್ತದೆ. ಕೊನೆಯಲ್ಲಿ "ಐಟಿಸ್" ಬಂದರೆ ಉರಿಯೂತ. "ಹೆಪಟ್" ಅಂದರೆ ಲಿವರ್. ಹಾಗಾದರೆ ಹೆಪಟೈಟಿಸ್ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. "ಟ್ಯಾಕಿ" ಅಂದರೆ ವೇಗ, "ಬ್ರಾಡಿ" ಅಂದರೆ ನಿಧಾನ, "ಕಾರ್ಡಿಯಾ" ಹೃದಯಕ್ಕೆ ಸೇರಿದ್ದು. "ಹೈಪರ್" ಜಾಸ್ತಿ, "ಹೈಪೋ" ಕಡಿಮೆ. ದಿನಕ್ಕೆ ಐದು ತುಂಡು ಕಲಿತರೂ ಎರಡು ತಿಂಗಳಲ್ಲಿ ಪುಸ್ತಕ ಹೆದರಿಸುವುದನ್ನು ಬಿಡುತ್ತದೆ. ಪಾಠವನ್ನು ಮೊದಲು ನಿಮ್ಮ ಭಾಷೆಯಲ್ಲೇ ಅರ್ಥ ಮಾಡಿಕೊಳ್ಳಿ, ಆಮೇಲೆ ಪರೀಕ್ಷೆಯ ಭಾಷೆಯಲ್ಲಿ ಬರೆದು ನೋಡಿ. ಅರ್ಥವಾಗದೆ ಬಾಯಿಪಾಠ ಮಾಡಿದ ಸಾಲು ವೈವಾದಲ್ಲಿ (ಬಾಯಿಮಾತಿನ ಪರೀಕ್ಷೆಯಲ್ಲಿ) ಒಂದು ಅಡ್ಡ ಪ್ರಶ್ನೆಗೇ ಉದುರಿಹೋಗುತ್ತದೆ.

ಗುಂಪಿನಲ್ಲಿ ಓದುವುದಾದರೆ ಮೂರು ನಾಲ್ಕು ಜನ ಸಾಕು. ಅದಕ್ಕಿಂತ ಜಾಸ್ತಿಯಾದರೆ ಹರಟೆಯೇ ಆಗುತ್ತದೆ.

ಕೇರ್ ಪ್ಲಾನ್, ಅಂದರೆ ಒಬ್ಬ ರೋಗಿಯ ಆರೈಕೆ ಹೇಗೆ ಮಾಡಬೇಕು ಅನ್ನುವ ಯೋಜನೆ, ಬರೆಯುವುದು ಇನ್ನೊಂದು ತಲೆನೋವು. ಎಲ್ಲರೂ ಎಡವುವುದು ಒಂದೇ ಕಡೆ. ನರ್ಸಿಂಗ್ ಡಯಾಗ್ನಾಸಿಸ್ ಬರೆಯುವ ಜಾಗದಲ್ಲಿ ರೋಗದ ಹೆಸರು ಬರೆದುಬಿಡುತ್ತಾರೆ. ನ್ಯುಮೋನಿಯಾ ಅನ್ನುವುದು ಡಾಕ್ಟರ್ ಹೇಳುವ ಹೆಸರು. ನೀವು ಬರೆಯಬೇಕಾದದ್ದು ಆ ರೋಗದಿಂದ ಈ ಮನುಷ್ಯನಿಗೆ ಆಗುತ್ತಿರುವ ತೊಂದರೆ. ಕಫ ಗಟ್ಟಿಯಾಗಿ ಹೊರಗೆ ಬರುತ್ತಿಲ್ಲ, ಅದರಿಂದ ಉಸಿರಾಟದ ದಾರಿ ಕಟ್ಟುತ್ತಿದೆ. ಇದನ್ನು ಹಿಡಿದರೆ ಮುಂದಿನದೆಲ್ಲ ದಾರಿಗೆ ಬರುತ್ತದೆ. ಏನು ಮಾಡುತ್ತೀರಿ? ಒರಗಿಸಿ ಕೂರಿಸುತ್ತೀರಿ, ಕೆಮ್ಮುವುದನ್ನು ಹೇಳಿಕೊಡುತ್ತೀರಿ, ಬೇಡ ಅಂತ ಡಾಕ್ಟರ್ ಹೇಳಿಲ್ಲದಿದ್ದರೆ ನೀರು ಜಾಸ್ತಿ ಕುಡಿಸುತ್ತೀರಿ. ಕೊನೆಗೆ ಏನು ನೋಡುತ್ತೀರಿ? ಕಫ ಬಂತಾ, ಉಸಿರು ಸಲೀಸಾಯಿತಾ ಅಂತ. ಬೆಡ್ ಹತ್ತಿರ ನಿಂತು ರೋಗಿಯನ್ನು ನೋಡಿ ಬರೆದ ಕೇರ್ ಪ್ಲಾನ್‌ಗೂ ಹಾಸ್ಟೆಲ್‌ನಲ್ಲಿ ಸೀನಿಯರ್ ಪುಸ್ತಕ ನೋಡಿ ಇಳಿಸಿದ್ದಕ್ಕೂ ಇರುವ ವ್ಯತ್ಯಾಸ ಟೀಚರ್‌ಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ.

ಮೂರನೇ ಹೆಜ್ಜೆ: ಔಷಧಿಯ ಲೆಕ್ಕಕ್ಕೆ ಹೆದರಬೇಡಿ, ಆದರೆ ಹಗುರವಾಗಿ ತೆಗೆದುಕೊಳ್ಳಬೇಡಿ

ಗಣಿತ ಬರುವುದಿಲ್ಲ ಅಂತ ಅಳುವವರನ್ನು ಪ್ರತಿ ಬ್ಯಾಚಿನಲ್ಲೂ ನೋಡಿದ್ದೇನೆ. ಬೇಕಾದ ಗಣಿತ ಕೂಡಿಸು, ಕಳೆ, ಗುಣಿಸು, ಭಾಗಿಸು ಇಷ್ಟೇ. ತಪ್ಪಾಗುವುದು ಲೆಕ್ಕದಲ್ಲಿ ಅಲ್ಲ, ಅಳತೆಯಲ್ಲಿ ಮತ್ತು ಚುಕ್ಕೆಯಲ್ಲಿ.

1 ಗ್ರಾಂ ಅಂದರೆ 1000 ಮಿಲಿಗ್ರಾಂ. 1 ಮಿಲಿಗ್ರಾಂ ಅಂದರೆ 1000 ಮೈಕ್ರೋಗ್ರಾಂ. ಇದು ನಿದ್ದೆಯಲ್ಲಿ ಕೇಳಿದರೂ ಬರಬೇಕು. ಅರ್ಧ ಮಿಲಿಗ್ರಾಂ ಬರೆಯುವಾಗ 0.5 ಅಂತ ಸೊನ್ನೆ ಹಾಕಿಯೇ ಬರೆಯಿರಿ. ಸೊನ್ನೆ ಇಲ್ಲದಿದ್ದರೆ ಚುಕ್ಕೆ ಕಾಣದೆ ಯಾರೋ 5 ಅಂತ ಓದಬಹುದು. ಅದೇ ಕಾರಣಕ್ಕೆ 5 ಅನ್ನು 5.0 ಅಂತ ಬರೆಯಬೇಡಿ. ಅದು 50 ಆಗಿಬಿಡಬಹುದು. ಎರಡರಲ್ಲೂ ಹತ್ತು ಪಟ್ಟು ಔಷಧಿ ಹೋಗುತ್ತದೆ.

ಲೆಕ್ಕ ಮಾಡುವ ಮೊದಲು ಉತ್ತರ ಹೆಚ್ಚು ಕಡಿಮೆ ಎಷ್ಟು ಬರಬೇಕು ಅಂತ ಅಂದಾಜು ಮಾಡಿ. ಡಾಕ್ಟರ್ 250 ಮಿಲಿಗ್ರಾಂ ಸಿರಪ್ ಬರೆದಿದ್ದಾರೆ. ಬಾಟಲಿಯ ಮೇಲೆ 5 ಎಂಎಲ್‌ನಲ್ಲಿ 125 ಮಿಲಿಗ್ರಾಂ ಅಂತ ಇದೆ. ಬೇಕಾದದ್ದು ಬಾಟಲಿಯ ಅಳತೆಯ ಎರಡರಷ್ಟು, ಹಾಗಾಗಿ 5 ಎಂಎಲ್‌ಗಿಂತ ಜಾಸ್ತಿಯೇ ಬರಬೇಕು. ಈಗ ಲೆಕ್ಕ ಹಾಕಿ: 250 ಭಾಗಿಸು 125, ಗುಣಿಸು 5, ಅಂದರೆ 10 ಎಂಎಲ್. ಅವಸರದಲ್ಲಿ ತಲೆಕೆಳಗು ಮಾಡಿ 2.5 ಅಂತ ಬಂದಿದ್ದರೆ ಅಂದಾಜೇ ನಿಮ್ಮ ಕೈ ಹಿಡಿಯುತ್ತಿತ್ತು.

ಡ್ರಿಪ್ ಲೆಕ್ಕವೂ ಹೀಗೇ. 500 ಎಂಎಲ್ 4 ಗಂಟೆಯಲ್ಲಿ ಹೋಗಬೇಕು, ಡ್ರಿಪ್ ಕೊಳವೆಯ ಸೆಟ್‌ನಲ್ಲಿ 1 ಎಂಎಲ್‌ಗೆ 20 ಹನಿ. 500 ಗುಣಿಸು 20 ಅಂದರೆ 10,000 ಹನಿ. 4 ಗಂಟೆ ಅಂದರೆ 240 ನಿಮಿಷ. ನಿಮಿಷಕ್ಕೆ ಸುಮಾರು 42 ಹನಿ. ಬೆಡ್ ಹತ್ತಿರ ನಿಂತು ವಾಚ್ ನೋಡುತ್ತಾ ಎಣಿಸಿದರೆ 15 ಸೆಕೆಂಡಿಗೆ ಹತ್ತು ಹನ್ನೊಂದು ಹನಿ ಬೀಳಬೇಕು. ಎಲ್ಲ ಸೆಟ್‌ನಲ್ಲೂ 20 ಹನಿ ಇರುವುದಿಲ್ಲ. ಪ್ಯಾಕೆಟ್ ಮೇಲೆ ಬರೆದಿರುತ್ತದೆ, ಓದಿ.

ವಿದ್ಯಾರ್ಥಿಯಾಗಿರುವಷ್ಟು ದಿನ ಯಾವ ಔಷಧಿಯನ್ನೂ ಒಬ್ಬರೇ ಕೊಡಬೇಡಿ. ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ದಾರಿ (ಬಾಯಿಂದಲೋ, ಸೂಜಿಯಿಂದಲೋ), ಸರಿಯಾದ ಸಮಯ. ಈ ಐದನ್ನೂ ಜೊತೆಗಿರುವ ನರ್ಸ್ ಎದುರು ಬಾಯಿಬಿಟ್ಟು ಹೇಳಿಯೇ ಮುಂದುವರಿಯಿರಿ. ರೋಗಿಯನ್ನು "ನೀವು ಇಂಥವರಾ?" ಅಂತ ಕೇಳಬೇಡಿ. ಅರೆನಿದ್ದೆಯಲ್ಲಿ ಯಾರು ಬೇಕಾದರೂ ಹೂಂ ಅಂದುಬಿಡುತ್ತಾರೆ. "ನಿಮ್ಮ ಹೆಸರು ಹೇಳಿ" ಅಂತ ಕೇಳಿ, ಕೈಪಟ್ಟಿಯನ್ನೂ ನೋಡಿ.

ನಾಲ್ಕನೇ ಹೆಜ್ಜೆ: ಕೈಗೆ ಕಲಿಸಿ

ವಾರ್ಡಿನ ಕೆಲಸಗಳನ್ನು ಅಭ್ಯಾಸ ಮಾಡುವ ಸ್ಕಿಲ್ ಲ್ಯಾಬಿನಲ್ಲಿ ಟೀಚರ್ ತೋರಿಸುವಾಗ ಎಲ್ಲ ಸುಲಭ ಅನ್ನಿಸುತ್ತದೆ. ನಮ್ಮ ಕೈಗೆ ಬಂದಾಗ ಗೊತ್ತಾಗುವುದು. ಲ್ಯಾಬ್ ಖಾಲಿ ಇರುವ ಹೊತ್ತು ಯಾವುದು ಅಂತ ಕೇಳಿ ತಿಳಿದುಕೊಳ್ಳಿ, ಗೆಳತಿಯೊಬ್ಬಳನ್ನು ಕರೆದುಕೊಂಡು ಹೋಗಿ. ಒಬ್ಬರು ಮಾಡುವಾಗ ಇನ್ನೊಬ್ಬರು ಚೆಕ್‌ಲಿಸ್ಟ್ ಹಿಡಿದು ನಿಲ್ಲಲಿ.

ಬಿಪಿ ನೋಡುವುದನ್ನು ನಾನು ಆಮೇಲೆ ಸರಿಯಾಗಿ ಕಲಿತದ್ದು ಅದೇ ಸಿಸ್ಟರ್ ಹತ್ತಿರ. ಎರಡು ಜೊತೆ ಕಿವಿಕಡ್ಡಿ ಇರುವ ಸ್ಟೆತೊಸ್ಕೋಪ್ ತಂದು, ಒಂದನ್ನು ಅವರು ಹಾಕಿಕೊಂಡು ಇನ್ನೊಂದನ್ನು ನನಗೆ ಕೊಟ್ಟರು. ನನ್ನ ತಪ್ಪು ಮೊದಲ ನಿಮಿಷದಲ್ಲೇ ಸಿಕ್ಕಿತು. ಕಿವಿಕಡ್ಡಿಯನ್ನು ಹಿಂದುಮುಂದಾಗಿ ಹಾಕಿಕೊಳ್ಳುತ್ತಿದ್ದೆ. ಅದರ ತುದಿ ಮೂಗಿನ ಕಡೆಗೆ ವಾಲಿರಬೇಕು, ಆಗಲೇ ಕಿವಿಯ ದಾರಿಗೆ ಸರಿಯಾಗಿ ಕೂರುವುದು. ಎರಡನೆಯ ತಪ್ಪು, ಮೊಣಕೈ ಒಳಭಾಗದಲ್ಲಿ ನಾಡಿ ಎಲ್ಲಿದೆ ಅಂತ ಬೆರಳಿಟ್ಟು ಹುಡುಕದೆ ಅಂದಾಜಿಗೆ ಸ್ಟೆತೊಸ್ಕೋಪ್ ಇಡುತ್ತಿದ್ದೆ.

ಕ್ರಮ ಹೀಗಿದೆ. ರೋಗಿ ಐದು ನಿಮಿಷ ಸುಮ್ಮನೆ ಕೂತಿರಲಿ. ಬೆನ್ನಿಗೆ ಆಸರೆ ಇರಲಿ, ತೋಳು ಹೃದಯದ ಮಟ್ಟದಲ್ಲಿರಲಿ. ಮಾತು ಬೇಡ. ಕಫ್ ತೋಳಿನ ಅಳತೆಗೆ ಸರಿಹೊಂದಬೇಕು. ಚಿಕ್ಕ ಕಫ್ ಕಟ್ಟಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಕಫ್‌ನ ಕೆಳಗಿನ ಅಂಚು ಮೊಣಕೈ ಮಡಿಕೆಗಿಂತ ಎರಡು ಮೂರು ಸೆಂಟಿಮೀಟರ್ ಮೇಲಿರಲಿ. ಮಣಿಕಟ್ಟಿನ ನಾಡಿ ಹಿಡಿದು ಗಾಳಿ ತುಂಬಿ. ನಾಡಿ ನಿಂತ ಅಂಕೆಯನ್ನು ನೆನಪಿಟ್ಟುಕೊಂಡು ಗಾಳಿ ಪೂರ್ತಿ ಬಿಡಿ. ಸ್ವಲ್ಪ ಹೊತ್ತು ಬಿಟ್ಟು ಸ್ಟೆತೊಸ್ಕೋಪ್ ಇಟ್ಟು, ಆ ಅಂಕೆಗಿಂತ 30 ಮೇಲಕ್ಕೆ ತುಂಬಿ, ಸೆಕೆಂಡಿಗೆ ಎರಡು ಮೂರು ಅಂಕೆಯಂತೆ ನಿಧಾನ ಇಳಿಸಿ. ಮೊದಲು ಕೇಳಿಸುವ ಟಕ್ ಟಕ್ ಮೇಲಿನ ಅಂಕೆ. ಸದ್ದು ಪೂರ್ತಿ ನಿಂತದ್ದು ಕೆಳಗಿನ ಅಂಕೆ. ಈ ಸದ್ದುಗಳನ್ನು ಹೀಗೆ ಬಳಸಬಹುದು ಅಂತ 1905ರಲ್ಲಿ ಹೇಳಿದವನು ರಷ್ಯಾದ ಸರ್ಜನ್ ನಿಕೊಲಾಯ್ ಕೊರೊಟ್ಕೊವ್. ಅವನ ಹೆಸರಿನಲ್ಲೇ ಅವನ್ನು ಈಗಲೂ ಕರೆಯುತ್ತಾರೆ. ಅವಸರದಲ್ಲಿ ಗಾಳಿ ಬೇಗ ಬಿಟ್ಟರೆ ಆ ಮೊದಲ ಟಕ್ ತಪ್ಪಿಹೋಗುತ್ತದೆ. ಹೊಸಬರಿಗೆ ಕೇಳಿಸದೇ ಇರುವುದಕ್ಕೆ ಮುಕ್ಕಾಲು ಪಾಲು ಕಾರಣ ಈ ಅವಸರವೇ ಅಂತ ನನ್ನ ಅನುಭವ.

ಉಸಿರು ಎಣಿಸುವುದಕ್ಕೂ ಒಂದು ಜಾಣತನ ಇದೆ. "ಉಸಿರು ಎಣಿಸುತ್ತೇನೆ" ಅಂದರೆ ರೋಗಿಯ ಉಸಿರಾಟವೇ ಬದಲಾಗುತ್ತದೆ. ನಾಡಿ ಎಣಿಸಿ ಮುಗಿದ ಮೇಲೂ ಬೆರಳನ್ನು ಮಣಿಕಟ್ಟಿನ ಮೇಲೆಯೇ ಇಟ್ಟುಕೊಂಡು, ಎದೆ ಏರಿ ಇಳಿಯುವುದನ್ನು ಒಂದು ನಿಮಿಷ ನೋಡಿ. ದೊಡ್ಡವರಲ್ಲಿ ಸುಮ್ಮನೆ ಇರುವಾಗ ನಿಮಿಷಕ್ಕೆ 12ರಿಂದ 20 ಉಸಿರು, 60ರಿಂದ 100 ನಾಡಿಬಡಿತ ಸಾಮಾನ್ಯ.

ಐದನೇ ಹೆಜ್ಜೆ: ವಾರ್ಡಿನ ಮೊದಲ ದಿನಗಳು

ಹಿಂದಿನ ರಾತ್ರಿಯೇ ಯೂನಿಫಾರ್ಮ್, ಪೆನ್, ನೋಟ್‌ಬುಕ್, ಸೆಕೆಂಡ್ ಮುಳ್ಳು ಇರುವ ವಾಚ್ ತೆಗೆದಿಡಿ. ಶೂ ಹೊಸದಾಗಿದ್ದರೆ ಒಂದೆರಡು ದಿನ ಮೊದಲೇ ಹಾಕಿಕೊಂಡು ಓಡಾಡಿ. ಬೆಳಿಗ್ಗೆ ಹೊಟ್ಟೆಗೆ ಏನಾದರೂ ಹಾಕಿಕೊಂಡೇ ಹೊರಡಿ. ಖಾಲಿ ಹೊಟ್ಟೆಯಲ್ಲಿ ಗಾಯದ ಡ್ರೆಸಿಂಗ್ ನೋಡಲು ನಿಂತವರೇ ಜಾಸ್ತಿ ತಲೆಸುತ್ತಿ ಬೀಳುವುದು.

ತಲೆಸುತ್ತು ಬಂದರೆ ಅವಮಾನ ಅಂದುಕೊಳ್ಳಬೇಡಿ. ರಕ್ತ ನೋಡಿದಾಗ ಕೆಲವರ ದೇಹ ಒಮ್ಮೆಲೇ ಬಿಪಿ, ನಾಡಿ ಎರಡನ್ನೂ ಇಳಿಸಿಬಿಡುತ್ತದೆ. ಮೈ ಬೆವರುವುದು, ಕಿವಿ ಗುಂಯ್ ಅನ್ನುವುದು, ಕಣ್ಣಿಗೆ ಕತ್ತಲೆ ಬರುವುದು ಮುನ್ಸೂಚನೆ. ತಕ್ಷಣ "ತಲೆ ಸುತ್ತುತ್ತಿದೆ" ಅಂತ ಜೋರಾಗಿ ಹೇಳಿ ಅಲ್ಲೇ ನೆಲದ ಮೇಲೆ ಕೂತುಬಿಡಿ, ಸಾಧ್ಯವಾದರೆ ಮಲಗಿ. ಹೊರಗೆ ಹೋಗಿಬಿಡೋಣ ಅಂತ ನಡೆದವರೇ ಬಾಗಿಲ ಹತ್ತಿರ ಬಿದ್ದು ತಲೆಗೆ ಪೆಟ್ಟು ಮಾಡಿಕೊಳ್ಳುವುದು. ತುಂಬ ಹೊತ್ತು ನಿಲ್ಲುವಾಗ ಮೊಣಕಾಲು ಬಿಗಿಹಿಡಿದು ನಿಲ್ಲಬೇಡಿ, ಪಾದದ ಬೆರಳುಗಳನ್ನು ಆಡಿಸುತ್ತಿರಿ. ನಾಲ್ಕಾರು ಸಲ ನೋಡಿದ ಮೇಲೆ ಹೆಚ್ಚಿನವರಿಗೆ ಇದು ತಾನಾಗಿ ಕಡಿಮೆಯಾಗುತ್ತದೆ.

ರೋಗಿಯ ಹತ್ತಿರ ಏನು ಮಾತಾಡಬೇಕು ಅಂತ ತಿಳಿಯದೆ ನಿಂತುಬಿಡುವವರು ಎಷ್ಟೋ ಜನ. ಮೂರು ಮಾತು ಸಾಕು. ನನ್ನ ಹೆಸರು ಇಂಥದ್ದು. ನಾನು ನರ್ಸಿಂಗ್ ವಿದ್ಯಾರ್ಥಿ. ನಿಮಗೆ ಈಗ ಇಂಥದ್ದು ಮಾಡಲು ಬಂದಿದ್ದೇನೆ, ಆಗಬಹುದಾ? ಆಮೇಲೆ "ರಾತ್ರಿ ನಿದ್ದೆ ಬಂತಾ?" ಅಂತ ಕೇಳಿ, ಉತ್ತರ ಮುಗಿಯುವವರೆಗೆ ನಿಲ್ಲಿ. ವಿದ್ಯಾರ್ಥಿ ಅಂತ ಹೇಳಿದರೆ ಬೇಡ ಅನ್ನುತ್ತಾರೆ ಅನ್ನುವ ಹೆದರಿಕೆ ಬೇಡ. ಬೇಡ ಅನ್ನುವುದು ಅವರ ಹಕ್ಕು. ನಿಜ ಹೇಳಿದವರನ್ನು ಜನ ನಂಬುತ್ತಾರೆ.

ಏನಾದರೂ ಸರಿಯಿಲ್ಲ ಅನ್ನಿಸಿದರೆ ಹೇಳುವುದಕ್ಕೂ ಒಂದು ಕ್ರಮ ಇದೆ. ಈಗ ಏನಾಗಿದೆ, ಹಿನ್ನೆಲೆ ಏನು, ನಿಮಗೆ ಕಂಡದ್ದೇನು, ಏನು ಬೇಕು. "ಸಿಸ್ಟರ್, 6ನೇ ಬೆಡ್‌ನ ಅಮ್ಮನಿಗೆ ಉಸಿರು ಜೋರಾಗಿದೆ. ನಿನ್ನೆ ಆಪರೇಷನ್ ಆಗಿದೆ. ನಿಮಿಷಕ್ಕೆ 28 ಎಣಿಸಿದೆ, ಬೆವರುತ್ತಿದ್ದಾರೆ. ಈಗಲೇ ಒಮ್ಮೆ ಬಂದು ನೋಡಿ." ನಾಲ್ಕೇ ಸಾಲು. ಹಾಸ್ಟೆಲ್ ಕೋಣೆಯಲ್ಲಿ ಗೆಳತಿಯ ಎದುರು ಹತ್ತು ಸಲ ಹೇಳಿ ಅಭ್ಯಾಸ ಮಾಡಿ. ನಿಜವಾದ ಹೊತ್ತು ಬಂದಾಗ ನಾಲಿಗೆ ತೊದಲುವುದಿಲ್ಲ. ನಿಮ್ಮ ಅನುಮಾನ ತಪ್ಪಾದರೂ ಪರವಾಗಿಲ್ಲ, ಹೇಳಿ.

ಕೈ ತೊಳೆಯುವ ವಿಚಾರದಲ್ಲಿ ಯಾರ ಮುಲಾಜೂ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಐದು ಸಂದರ್ಭ ಹೇಳುತ್ತದೆ: ರೋಗಿಯನ್ನು ಮುಟ್ಟುವ ಮೊದಲು, ಸ್ವಚ್ಛವಾಗಿ ಮಾಡಬೇಕಾದ ಕೆಲಸಕ್ಕೆ ಮೊದಲು, ರಕ್ತ ಅಥವಾ ದೇಹದ ದ್ರವ ತಾಗಿರಬಹುದಾದಾಗ, ರೋಗಿಯನ್ನು ಮುಟ್ಟಿದ ಮೇಲೆ, ಅವರ ಬೆಡ್, ಮೇಜು ಮುಟ್ಟಿದ ಮೇಲೆ. ಹ್ಯಾಂಡ್‌ರಬ್ (ಸ್ಯಾನಿಟೈಸರ್) ಆದರೆ 20ರಿಂದ 30 ಸೆಕೆಂಡ್, ಸೋಪು ನೀರಾದರೆ ಒಟ್ಟು 40ರಿಂದ 60 ಸೆಕೆಂಡ್. ಹೆಬ್ಬೆರಳು ಮತ್ತು ಬೆರಳ ತುದಿ ಮರೆಯುವವರೇ ಜಾಸ್ತಿ.

ಸೂಜಿ ಚುಚ್ಚಿಕೊಂಡರೆ? ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಬೇಡಿ, ನೇರ ಶಾರ್ಪ್ಸ್ ಡಬ್ಬಿಗೆ (ಚೂಪಾದ ವಸ್ತು ಹಾಕುವ ಡಬ್ಬಿಗೆ) ಹಾಕಿ. ಆದರೂ ಚುಚ್ಚಿದರೆ ಆ ಜಾಗವನ್ನು ಹಿಂಡಬೇಡಿ. ಸೋಪು ನೀರಿನಿಂದ ತೊಳೆದು ಅದೇ ಕ್ಷಣ ಇನ್‌ಚಾರ್ಜ್‌ಗೆ ಹೇಳಿ. ಎಚ್‌ಐವಿ ತಡೆಯುವ ಔಷಧಿ ಬೇಕಾದರೆ ಅದನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಬೈಯುತ್ತಾರೆ ಅಂತ ಮುಚ್ಚಿಟ್ಟು ಮೂರು ದಿನ ಕಳೆದರೆ ಆ ಅವಕಾಶ ಹೋಯಿತು. ಹೆಪಟೈಟಿಸ್ ಬಿ ಲಸಿಕೆಯ ಡೋಸುಗಳು ಪೂರ್ತಿಯಾಗಿವೆಯಾ ಅಂತ ವಾರ್ಡಿಗೆ ಹೋಗುವ ಮೊದಲೇ ನೋಡಿಕೊಳ್ಳಿ.

ವಾರ್ಡಿನ ಫೋಟೋ ಎಲ್ಲಿಯೂ ಹಾಕಬೇಡಿ. ಲಿಫ್ಟಿನಲ್ಲಿ, ಬಸ್ಸಿನಲ್ಲಿ ರೋಗಿಯ ವಿಷಯ ಆಡಬೇಡಿ.

ಆರನೇ ಹೆಜ್ಜೆ: ಬೈಗುಳವನ್ನು ಬೇರ್ಪಡಿಸಿ ನೋಡಿ

ಬೈಗುಳ ಸಿಗುತ್ತದೆ. ಅದರಲ್ಲಿ ಎರಡು ಥರ. "ಗ್ಲೌಸ್ ಹಾಕಿಕೊಂಡು ಬಾಗಿಲು ಮುಟ್ಟಿದೆಯಲ್ಲ, ಹೋಗಿ ಬದಲಿಸು" ಅನ್ನುವುದು ಜೋರು ದನಿಯ ಪಾಠ. ದನಿಯನ್ನು ಬಿಟ್ಟು ಪಾಠವನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. "ನಿನ್ನಂಥವರೆಲ್ಲ ಯಾಕೆ ಬರುತ್ತೀರೋ" ಅನ್ನುವುದರಲ್ಲಿ ಕಲಿಯುವಂಥದ್ದು ಏನೂ ಇಲ್ಲ. ಅದು ಒಂದು ಸಲ ಆದರೆ ಸುಸ್ತಾದವರ ಮಾತು ಅಂತ ಬಿಟ್ಟುಬಿಡಬಹುದು. ಮತ್ತೆ ಮತ್ತೆ ಆದರೆ ದಿನಾಂಕ, ಸಮಯ, ಆಡಿದ ಮಾತು ಬರೆದಿಟ್ಟುಕೊಂಡು ನಿಮ್ಮ ಕ್ಲಾಸ್ ಟೀಚರ್ ಹತ್ತಿರ ಹೋಗಿ. ಒಬ್ಬರೇ ಹೋಗಲು ಕಷ್ಟವಾದರೆ ಅದನ್ನು ಕಣ್ಣಾರೆ ಕಂಡವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಮೈ ಮುಟ್ಟುವುದು, ಅಸಹ್ಯ ಮಾತು ಇವಕ್ಕೆಲ್ಲ ಎರಡನೇ ಸಲಕ್ಕೆ ಕಾಯಬೇಡಿ, ಅದು ಸೀನಿಯರ್ ಆಗಿರಲಿ, ರೋಗಿಯೇ ಆಗಿರಲಿ.

ಏಳನೇ ಹೆಜ್ಜೆ: ಬೆನ್ನು ಮತ್ತು ನಿದ್ದೆ

ರೋಗಿಯನ್ನು ಒಬ್ಬರೇ ಎತ್ತಬೇಡಿ. ಬೆಡ್ ಎತ್ತರವನ್ನು ನಿಮ್ಮ ಸೊಂಟದ ಮಟ್ಟಕ್ಕೆ ತನ್ನಿ, ಮೊಣಕಾಲು ಬಗ್ಗಿಸಿ, ಹತ್ತಿರ ನಿಂತು ಹಿಡಿಯಿರಿ, ಸೊಂಟ ತಿರುಚಬೇಡಿ. ಇಪ್ಪತ್ತರ ಹರೆಯದಲ್ಲಿ ಏನೂ ಅನ್ನಿಸುವುದಿಲ್ಲ. ನಲವತ್ತರಲ್ಲಿ ಬೆನ್ನು ಹಿಡಿದುಕೊಂಡು ಕೂರುವ ನರ್ಸ್‌ಗಳನ್ನು ಕೇಳಿ ನೋಡಿ.

ರಾತ್ರಿ ಡ್ಯೂಟಿ ಶುರುವಾದಾಗ ಹಗಲು ನಿದ್ದೆಗೆ ಕೋಣೆ ಕತ್ತಲಾಗಿರಲಿ, ಫೋನ್ ದೂರ ಇರಲಿ. ಡ್ಯೂಟಿಗೆ ಮೊದಲು ಒಂದೂವರೆ ಗಂಟೆ ಮಲಗಿದರೂ ಬೆಳಗಿನ ಜಾವದ ತೂಕಡಿಕೆ ಕಡಿಮೆಯಾಗುತ್ತದೆ. ಕಾಫಿ ಕುಡಿಯುವುದಾದರೆ ಡ್ಯೂಟಿಯ ಮೊದಲ ಅರ್ಧದಲ್ಲಿ ಕುಡಿಯಿರಿ. ಕಾಫಿಯಲ್ಲಿರುವ ಕೆಫೀನ್ ಸುಮಾರು ಐದು ಗಂಟೆ ಕಳೆದರೂ ಅರ್ಧದಷ್ಟು ಮೈಯಲ್ಲೇ ಉಳಿದಿರುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಇಡೀ ಎದ್ದಿರುವುದೂ ನಷ್ಟವೇ. ಓದಿದ್ದು ಗಟ್ಟಿಯಾಗುವುದು ನಿದ್ದೆಯಲ್ಲಿ.

ಎಂಟನೇ ಹೆಜ್ಜೆ: ಮೊದಲ ಸಾವು

ಇದಕ್ಕೆ ಯಾವ ಸ್ಕಿಲ್ ಲ್ಯಾಬೂ ಇಲ್ಲ. ನಿನ್ನೆ ನಿಮ್ಮ ಕೈಯಿಂದ ನೀರು ಕುಡಿದವರ ಬೆಡ್ ಇವತ್ತು ಹೊಸ ಶೀಟ್ ಹಾಕಿಕೊಂಡು ಖಾಲಿ ಇರುತ್ತದೆ. ನಾನು ಆ ದಿನ ಲಿನನ್ ರೂಮಿಗೆ ಹೋಗಿ, ಒಗೆದ ಬೆಡ್‌ಶೀಟ್‌ಗಳ ರಾಶಿಗೆ ಮುಖ ಒತ್ತಿಕೊಂಡು ಅತ್ತೆ. ಹಿಂದಿನಿಂದ ಬಂದ ಸೀನಿಯರ್ ಒಬ್ಬರು ಏನೂ ಕೇಳಲಿಲ್ಲ. ಬಾಗಿಲು ಎಳೆದುಕೊಂಡು ಹೊರಗೆ ನಿಂತು, ಯಾರೋ ನನ್ನನ್ನು ಹುಡುಕಿದಾಗ "ಐದು ನಿಮಿಷ, ಬರುತ್ತಾಳೆ" ಅಂದರು.

ಅಳು ಬಂದರೆ ಅಳಿ. ಮನೆಯವರ ಎದುರು ಕಣ್ಣು ತುಂಬಿ ಬಂದರೂ ತಪ್ಪಿಲ್ಲ. ಆದರೆ ಅವರೇ ನಿಮ್ಮನ್ನು ಸಮಾಧಾನ ಮಾಡಬೇಕಾದ ಸ್ಥಿತಿ ಬಂದರೆ ಸ್ವಲ್ಪ ಹೊರಗೆ ಹೋಗಿ ಬನ್ನಿ. ಕೊನೆಯ ಸೇವೆ ಮಾಡುವಾಗ, ಮೈ ಒರೆಸಿ ಬಟ್ಟೆ ಬದಲಿಸುವಾಗ, ಪಕ್ಕದಲ್ಲಿ ಅನುಭವ ಇರುವವರು ಇರಲಿ. ಅವರು ಮೃತರ ಹತ್ತಿರ ಮೆಲ್ಲಗೆ "ಈಗ ಆ ಕಡೆ ತಿರುಗಿಸುತ್ತೇನೆ" ಅಂತ ಹೇಳುತ್ತಾ ಕೆಲಸ ಮಾಡುವುದನ್ನು ನೀವು ಕೇಳಬಹುದು. ನಾನೂ ಹಾಗೇ ಮಾಡುತ್ತೇನೆ. ಆ ಸಂಜೆ ಕೋಣೆಗೆ ಹೋಗಿ ಒಬ್ಬರೇ ಬಾಗಿಲು ಹಾಕಿಕೊಳ್ಳಬೇಡಿ. ಜೊತೆಗಿದ್ದ ಯಾರ ಹತ್ತಿರವಾದರೂ ಏನು ನೋಡಿದಿರಿ, ಏನು ಅನ್ನಿಸಿತು ಅಂತ ಹೇಳಿ. ರೋಗಿಯ ಹೆಸರು ಹೇಳದೆಯೂ ಮನಸ್ಸಿನ ಭಾರ ಇಳಿಸಬಹುದು.

ಎರಡು ವಾರಕ್ಕಿಂತ ಜಾಸ್ತಿ ದಿನ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ ಅನ್ನಿಸಿದರೆ ಅದು ಸೋಮಾರಿತನ ಅಲ್ಲ. ಕೌನ್ಸೆಲರ್ ಅಥವಾ ಡಾಕ್ಟರ್ ಹತ್ತಿರ ಹೋಗಿ. ಬದುಕುವುದೇ ಬೇಡ ಅನ್ನುವ ಯೋಚನೆ ಬಂದರೆ ಎರಡು ವಾರ ಕಾಯುವ ಮಾತೇ ಇಲ್ಲ. ಅದೇ ಗಳಿಗೆಯಲ್ಲಿ ಹತ್ತಿರದ ಒಬ್ಬರಿಗೆ ಹೇಳಿ, ಅವರ ಜೊತೆಯೇ ಇರಿ, ಆಸ್ಪತ್ರೆಗೆ ಹೋಗಿ. ನಮ್ಮ ರೋಗಿಗಳಿಗೆ ನಾವು ಹೇಳುವುದೂ ಇದನ್ನೇ ಅಲ್ವಾ?

ಬಿಟ್ಟುಬಿಡೋಣ ಅನ್ನಿಸಿದಾಗ

ಅನ್ನಿಸುತ್ತದೆ. ಮೊದಲ ಇಂಟರ್ನಲ್ ಪರೀಕ್ಷೆಯ ಮಾರ್ಕ್ಸ್ ಬಂದ ದಿನ, ಎಲ್ಲರೆದುರು ಬೈಸಿಕೊಂಡ ದಿನ, ಮೂರನೇ ರಾತ್ರಿ ಡ್ಯೂಟಿ ಮುಗಿಸಿ ಬಂದ ಬೆಳಿಗ್ಗೆ ಖಂಡಿತ ಅನ್ನಿಸುತ್ತದೆ. ಆ ದಿನ ನಿರ್ಧಾರ ಮಾಡಬೇಡಿ. ರಜೆಯ ದಿನ ಹೊಟ್ಟೆತುಂಬ ಊಟ ಮಾಡಿ, ಚೆನ್ನಾಗಿ ನಿದ್ದೆ ಮಾಡಿ ಎದ್ದ ಮೇಲೆ ಒಂದು ಹಾಳೆ ತೆಗೆದುಕೊಳ್ಳಿ. ಬಿಡಬೇಕು ಅನ್ನಿಸುವುದು ಓದಿನ ಕಷ್ಟಕ್ಕಾ, ದುಡ್ಡಿನ ಕಷ್ಟಕ್ಕಾ, ಒಬ್ಬ ಮನುಷ್ಯನ ಕಾಟಕ್ಕಾ, ಅಥವಾ ರೋಗಿಯ ಹತ್ತಿರ ನಿಲ್ಲುವುದೇ ಇಷ್ಟವಿಲ್ಲವಾ ಅಂತ ಬರೆಯಿರಿ. ಮೊದಲ ಮೂರಕ್ಕೆ ದಾರಿ ಹುಡುಕಬಹುದು, ಅದಕ್ಕೆ ಟೀಚರ್ ಹತ್ತಿರ ಹೋಗಿ. ಕೊನೆಯದು ನಿಜವಾದರೆ ಇನ್ನೊಂದು ತಿಂಗಳು ನೋಡಿ, ಆಮೇಲೂ ಹಾಗೇ ಇದ್ದರೆ ಮನೆಯವರನ್ನು ಕೂರಿಸಿಕೊಂಡು ನೇರವಾಗಿ ಹೇಳಿ. ಬೇರೆ ಓದು ಹಿಡಿಯುವುದರಲ್ಲಿ ಸೋಲು ಏನೂ ಇಲ್ಲ.

ನಾನು ಆ ಹಾಳೆ ಬರೆದದ್ದು ಅಜ್ಜನ ಬಿಪಿ ತಪ್ಪು ಬರೆದ ವಾರವೇ. ಮರುದಿನ ಡ್ಯೂಟಿಗೆ ಹೋದಾಗ ಅವರ ಬೆಡ್ ಹತ್ತಿರ ಹೋಗಲು ಕಾಲು ಬರಲಿಲ್ಲ. ಅಜ್ಜನೇ ಅಂಗಿಯ ತೋಳು ಮಡಚಿ ಕೈ ಮುಂದೆ ಚಾಚಿ, "ಬಾ ತಾಯಿ, ಇವತ್ತು ನಿಧಾನಕ್ಕೆ ನೋಡು" ಅಂದರು.